ಹೆಣ ಹೊತ್ತು ನಡೆದ ದಾರಿಯಲ್ಲಿ ಓಡಬಹುದಾ?

ಪ್ರಶ್ನೆ: ಜೂನ್‌ನಲ್ಲಿ ಇಂಗ್ಲೆಂಡಿಗೆ, ಮಗಳ ಮನೆಗೆ ಹೋಗುತ್ತಿದ್ದೇನೆ. ಮೂರು ದಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಇರುತ್ತೇವೆ. ನನಗೆ 52 ವರ್ಷ. ರಸ್ತೆಯಲ್ಲಿ 10 ಕಿ.ಮೀ. ಓಡುತ್ತೇನೆ, ಗುಡ್ಡದಲ್ಲಿ ಒಮ್ಮೆಯೂ ಓಡಿಲ್ಲ. ಹೊರಟ ಜಾಗಕ್ಕೇ ವಾಪಸ್ ಬರುವಂಥ ಒಂದು ಸುತ್ತು ಹೇಳಿ. ಅಲ್ಲಿ ಹಿಂದೆ ಹೆಣ ಹೊರುತ್ತಿದ್ದ ದಾರಿ ಇದೆಯಂತೆ. ಅದರಲ್ಲಿ ಓಡಿದರೆ ತಪ್ಪಾಗುತ್ತಾ?

ಉತ್ತರ: ತಪ್ಪಿಲ್ಲ. ನಿಮ್ಮ ಮೊದಲ ಓಟ ಅಲ್ಲೇ ಆಗಲಿ ಅನ್ನುತ್ತೇನೆ.

ಗ್ರಾಸ್ಮಿಯರ್ ಊರಿನಿಂದ ಹೊರಡಿ. ಆಂಬಲ್‌ಸೈಡ್ ಕಡೆಯವರು ತಮ್ಮ ಸತ್ತವರನ್ನು ಗ್ರಾಸ್ಮಿಯರ್‌ನ ಸೇಂಟ್ ಆಸ್ವಾಲ್ಡ್ ಚರ್ಚಿಗೆ ಹೊತ್ತು ತರುತ್ತಿದ್ದ ದಾರಿ ಇದು. ನೀವು ಅದರಲ್ಲಿ ಎದುರು ದಿಕ್ಕಿಗೆ, ರೈಡಲ್ ಕಡೆಗೆ ಓಡುತ್ತೀರಿ. ರೈಡಲ್‌ನಲ್ಲಿ ಇಳಿದು, ಕೆರೆಯ ಆಚೆ ದಡ ಹಿಡಿದು, ಲಾಫ್‌ರಿಗ್ ಗುಡ್ಡದ ಮಗ್ಗುಲಿನ ಹಾದಿಯಲ್ಲಿ ಮತ್ತೆ ಗ್ರಾಸ್ಮಿಯರ್. ಸುಮಾರು 9-10 ಕಿ.ಮೀ. ಆಗುತ್ತದೆ. ಹೆಗಲ ಮೇಲೆ ಭಾರ ಹೊತ್ತವರು ನಡೆದ ದಾರಿ ಅಲ್ವಾ? ಎರಡು ತುದಿಯ ಏರು ಬಿಟ್ಟರೆ ಹೆಚ್ಚಿನ ಪಾಲು ಗುಡ್ಡದ ಮಗ್ಗುಲಲ್ಲೇ ಸಾಗುತ್ತದೆ. ಹೊಸಬರ ಕಾಲಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ದಾರಿ ಪಕ್ಕದಲ್ಲಿ ಒಂದು ಚಪ್ಪಟೆ ಬಂಡೆ ಸಿಗುತ್ತದೆ. ಹೊತ್ತವರು ಹೆಗಲು ಬದಲಿಸುವ ಮೊದಲು ಪೆಟ್ಟಿಗೆಯನ್ನು ಅದರ ಮೇಲೆ ಇಳಿಸುತ್ತಿದ್ದರಂತೆ. ನಾನು ಮೊದಲ ಸಲ ಓಡಿದಾಗ ಗಡಿಯಾರ ನಿಲ್ಲಿಸಿ ಅದರ ಮೇಲೆ ಅಂಗೈ ಇಟ್ಟು ನಿಂತಿದ್ದೆ. ರಾತ್ರಿಯ ಮಳೆಗೆ ಕಲ್ಲು ತಣ್ಣಗಿತ್ತು, ಅಂಚಿನಲ್ಲಿ ಪಾಚಿ. ಉಸಿರು ತಾನಾಗಿ ಇಳಿಯಿತು. ನೀವೂ ಒಂದು ನಿಮಿಷ ನಿಲ್ಲಿ. ಆ ನಿಮಿಷವನ್ನು ನಿಮ್ಮ ಟೈಮಿಂಗ್‌ನಿಂದ ಕಳೆಯಬೇಡಿ.

ಪ್ರಶ್ನೆ: ರಸ್ತೆಯಲ್ಲಿ ಕಿಲೋಮೀಟರಿಗೆ ಆರು ನಿಮಿಷ ನನ್ನ ವೇಗ. ಅದೇ ಲೇಕ್ ಡಿಸ್ಟ್ರಿಕ್ಟ್‌ನ ಫೇರ್‌ಫೀಲ್ಡ್ ಹಾರ್ಸ್‌ಶೂ (ಕುದುರೆ ಲಾಳದ ಆಕಾರದ ಗುಡ್ಡಸಾಲಿನ) ಸುತ್ತಿಗೆ ಎಷ್ಟು ಹೊತ್ತು ಇಟ್ಟುಕೊಳ್ಳಲಿ?

ಉತ್ತರ: ಆ ಆರು ನಿಮಿಷವನ್ನು ಮರೆತುಬಿಡಿ. ಗುಡ್ಡದಲ್ಲಿ ದೂರಕ್ಕಿಂತ ಏರಿನ ಲೆಕ್ಕ ಜಾಸ್ತಿ ಮುಖ್ಯ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ಕೆಲಸಕ್ಕೆ ಬರುತ್ತದೆ: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಈ ಸುತ್ತು ಸುಮಾರು 16 ಕಿ.ಮೀ., ಏರು 900 ಮೀಟರ್ ಮೇಲೆ. ನಡೆಯುವವರಿಗೆ ಐದು ಗಂಟೆಗೆ ಹತ್ತಿರ. ಮೊದಲ ಸಲಕ್ಕೆ ನೀವೂ ಅಷ್ಟೇ ಹೊತ್ತು ಕೈಯಲ್ಲಿಟ್ಟುಕೊಂಡು ಹೊರಡಿ.

ಕಡಿದಾದ ಏರಲ್ಲಿ ನಡೆಯಿರಿ. ಅದು ಸೋಲಲ್ಲ. ಅಲ್ಲಿನ ಫೆಲ್ ರನ್ನರ್‌ಗಳೂ (ಗುಡ್ಡದಲ್ಲಿ ಓಡುವವರು) ತೊಡೆ ಮೇಲೆ ಕೈಯೂರಿ ನಡೆಯುತ್ತಾರೆ. 1932ರಲ್ಲಿ ಕೆಸಿಕ್ ಊರಿನ ಬಾಬ್ ಗ್ರಹಾಂ 24 ಗಂಟೆಯೊಳಗೆ 42 ಶಿಖರ ಸುತ್ತಿ ಬಂದರು. ಇವತ್ತಿಗೂ ಆ ಸುತ್ತಿಗೆ ಅವರ ಹೆಸರೇ. ಒಂದೇ ಸಮ ಓಡಿಕೊಂಡೇ ಮುಗಿಸುವ ಸುತ್ತಲ್ಲ ಅದು.

ಪ್ರಶ್ನೆ: ಏರುವುದು ಸುಲಭ, ಇಳಿದ ಮರುದಿನ ಮೆಟ್ಟಿಲು ಇಳಿಯಲು ಆಗಲ್ಲ. ಮಂಡಿ ಹಾಳಾಗುತ್ತಿದೆಯಾ?

ಉತ್ತರ: ನೋವು ಎಲ್ಲಿ ಅಂತ ಮೊದಲು ಕೈಯಿಟ್ಟು ನೋಡಿ. ಮಂಡಿಯೊಳಗೇ ಚುಚ್ಚಿದರೆ, ಊದಿಕೊಂಡರೆ ವೈದ್ಯರಿಗೆ ತೋರಿಸಿ. ತೊಡೆಯ ಮುಂಭಾಗ ಒತ್ತಿದಾಗ ನೋಯುತ್ತಿದ್ದರೆ ಅದು ಇಳಿಜಾರಿನ ಕೆಲಸ. ಇಳಿಯುವಾಗ ಆ ಸ್ನಾಯು ಬ್ರೇಕ್ ಹಾಕುತ್ತಾ ಹಾಕುತ್ತಾ ಉದ್ದವಾಗುತ್ತದೆ. ಬಿಗಿಯಾಗಿರಬೇಕು, ಎಳೆಯಿಸಿಕೊಳ್ಳಲೂ ಬೇಕು. ಅದರಿಂದ ಎಳೆಗಳಲ್ಲಿ ಸಣ್ಣ ಸಣ್ಣ ಹಾನಿ ಆಗುತ್ತದೆ. ನೋವು ಒಂದರಿಂದ ಮೂರನೇ ದಿನದೊಳಗೆ ಜೋರಾಗಿ, ಆಮೇಲೆ ಇಳಿಯುತ್ತದೆ.

ಸಂತೋಷದ ಸಂಗತಿ ಅಂದರೆ ಸ್ನಾಯು ಇದನ್ನು ನೆನಪಿಟ್ಟುಕೊಳ್ಳುತ್ತದೆ. ಒಮ್ಮೆ ಹದವಾಗಿ ಇಳಿದರೆ ಮುಂದಿನ ಕೆಲವು ವಾರ ಅಷ್ಟೇ ಇಳಿಜಾರು ಅಷ್ಟು ನೋಯಿಸುವುದಿಲ್ಲ. ಹಾಗಾಗಿ ದೊಡ್ಡ ಓಟಕ್ಕೆ ಎರಡು ತಿಂಗಳಿರುವಾಗಲೇ ವಾರಕ್ಕೊಮ್ಮೆ ಹತ್ತು ನಿಮಿಷ ಇಳಿಜಾರು ಓಡಿ. ಕೊನೆಯ ವಾರ ಬೇಡ.

ಹೆಜ್ಜೆ ಚಿಕ್ಕದಿರಲಿ, ಬೇಗ ಬೇಗ ಬೀಳಲಿ. ಹೆದರಿದಾಗ ಮೈ ಹಿಂದಕ್ಕೆ ವಾಲುತ್ತದೆ, ಹಿಮ್ಮಡಿ ಮುಂದೆ ಚಾಚುತ್ತದೆ. ಜಾರುವುದು ಆಗಲೇ. ಒದ್ದೆ ಸ್ಲೇಟ್ ಕಲ್ಲಿನ ಮೇಲೆ ನಾನು ಬಿದ್ದದ್ದೂ ಹಾಗೇ. ಮೊಣಕೈಯಲ್ಲಿ ಗುರುತು ಇನ್ನೂ ಇದೆ. ಕಣ್ಣು ಪಾದದ ಮೇಲಲ್ಲ, ಮೂರು-ನಾಲ್ಕು ಹೆಜ್ಜೆ ಮುಂದಿರಲಿ.

ಇನ್ನೊಂದು ಮಾತು. ಹಳೆಯ ಹೇರುಕುದುರೆ ದಾರಿಗಳು ಕಡಿದಾದ ಕಡೆ ಅಂಕುಡೊಂಕಾಗಿ ಇಳಿಯುತ್ತವೆ. ದಯವಿಟ್ಟು ತಿರುವು ತಪ್ಪಿಸಿ ನೇರ ಇಳಿಯಬೇಡಿ. ನೀವು ತುಳಿದ ಗೆರೆಯಲ್ಲೇ ಮಳೆನೀರು ಇಳಿಯುತ್ತದೆ, ಮಣ್ಣು ಕೊಚ್ಚಿಹೋಗುತ್ತದೆ. ಎಷ್ಟೋ ತಲೆಮಾರು ಕಾದ ದಾರಿ ಹಾಳಾಗಲು ಕೆಲವೇ ಮಳೆಗಾಲ ಸಾಕು.

ಪ್ರಶ್ನೆ: ಬೇಸಿಗೆಯಲ್ಲೂ ಜಾಕೆಟ್, ಸೀಟಿ ಅಂತ ಹೊರಬೇಕಾ?

ಉತ್ತರ: ಬೇಕು. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪು, ಅದರ ಮೇಲೆ ಗಾಳಿ, ಒದ್ದೆ ಬಟ್ಟೆ. ಕಾಲು ಉಳುಕಿ ಕೂತ ಹತ್ತೇ ನಿಮಿಷಕ್ಕೆ ನಡುಕ ಶುರುವಾಗುತ್ತದೆ. ಸೀಟಿಯನ್ನು ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಬ್ರಿಟನ್‌ನಲ್ಲಿ 999ಕ್ಕೆ ಫೋನ್ ಮಾಡಿ ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ (ಬೆಟ್ಟದ ರಕ್ಷಣಾ ತಂಡ) ಅನ್ನಿ.

ಪ್ರಶ್ನೆ: ದಾರಿಗೆ ಅಡ್ಡ ಕುರಿಗಳು ನಿಂತರೆ?

ಉತ್ತರ: ಓಟ ನಿಲ್ಲಿಸಿ ನಡೆಯಿರಿ. ಅಲ್ಲಿನ ಹರ್ಡ್‌ವಿಕ್ ಕುರಿಗಳಿಗೆ ಗುಡ್ಡದ ಮೇಲೆ ಬೇಲಿ ಇಲ್ಲದೆಯೂ ತಮ್ಮ ಜಾಗ ಗೊತ್ತು. ಮರಿ ಅದನ್ನು ತಾಯಿಯ ಹಿಂದೆ ಅಲೆದು ಕಲಿಯುತ್ತದೆ. ಜೂನ್‌ನಲ್ಲಿ ಮರಿಗಳು ಜೊತೆಗೇ ಇರುತ್ತವೆ. ತಾಯಿ ಒಂದು ಕಡೆ, ಮರಿ ಒಂದು ಕಡೆ ಆಗದಂತೆ ಸುತ್ತು ಹಾಕಿ ಹೋಗಿ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ, ತೆರೆದಿಟ್ಟಿದ್ದರೆ ಹಾಗೇ ಬಿಡಿ. ಕುರಿ ನೀರಿಗೆ ಹೋಗಲಿ ಅಂತ ಯಾರೋ ಬೇಕಂತಲೇ ತೆರೆದಿಟ್ಟಿರಬಹುದು.