ಯಾವ ಜಿಲ್ಲೆ ಅಂತ ಕೇಳಬೇಡಿ, ಕಾಲುವೆಯ ಎಷ್ಟನೇ ಮೈಲು ಅಂತ ಕೇಳಿ

ತೀರ್ಥಹಳ್ಳಿ ಕಡೆಯವರು ನೀವು. ನೌಕರಿ ಬಿಟ್ಟು ತುಂಗಭದ್ರಾ ಅಚ್ಚುಕಟ್ಟಿನಲ್ಲಿ, ಅಂದರೆ ಆ ಡ್ಯಾಮಿನ ಕಾಲುವೆ ನೀರು ಹರಿಯುವ ಸೀಮೆಯಲ್ಲಿ, ಭತ್ತದ ಗದ್ದೆ ಲೀಜಿಗೆ ಹಿಡಿಯಬೇಕು ಅಂತಿದ್ದೀರಿ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರರಲ್ಲಿ ಯಾವ ಜಿಲ್ಲೆ ಒಳ್ಳೆಯದು, ಎಕರೆಗೆ ಎಷ್ಟು ಕೊಡಬಹುದು ಅಂತ ಕೇಳಿದ್ದೀರಿ. ನಾನೂ ಇದನ್ನೇ ಕೇಳಿಕೊಂಡು ಊರೂರು ತಿರುಗಿದವನು.

ನಮ್ಮದು ಕುಷ್ಟಗಿ ತಾಲ್ಲೂಕು. ಮಳೆ ಆದರೆ ಸಜ್ಜೆ, ಆಗದಿದ್ದರೆ ಬೆಂಗಳೂರಿಗೆ ಗುಳೆ. ನೀರಾವರಿ ಹೊಲ ಮಾಡಬೇಕು ಅನ್ನೋದು ನಮ್ಮ ಮನೆಯಲ್ಲಿ ಅಪ್ಪನ ಕಾಲದ ಆಸೆ. ಹಾಗಾಗಿ ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹತ್ತು ಎಕರೆ ಲೀಜಿಗಿದೆ ಅಂತ ಗೊತ್ತಾದ ಕೂಡಲೇ ಹೋಗಿ ನೋಡಿದೆ. ಹೋದದ್ದು ಸೆಪ್ಟೆಂಬರಿನಲ್ಲಿ. ನನ್ನನ್ನು ಮುಳುಗಿಸಿದ್ದು ಆ ತಿಂಗಳು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಸೆಪ್ಟೆಂಬರಿನಲ್ಲಿ ಡ್ಯಾಂ ತುಂಬಿರುತ್ತದೆ. ಕಾಲುವೆಯ ಮೇಲ್ಭಾಗದವರ ನಾಟಿ ಮುಗಿದಿರುತ್ತದೆ, ನಡುನಡುವೆ ಮಳೆಯೂ ಬೀಳುವುದರಿಂದ ಅವರಿಗೆ ಕಾಲುವೆ ನೀರು ಅಷ್ಟಾಗಿ ಬೇಕಾಗಿರುವುದಿಲ್ಲ. ಅವರು ಬಿಟ್ಟ ನೀರೆಲ್ಲ ಕೆಳಗೆ ಬರುತ್ತದೆ. ನಾನು ನಿಂತು ನೋಡಿದ ಉಪಕಾಲುವೆಯಲ್ಲಿ ನೀರು ದಡ ಮುಟ್ಟಿ ಹರಿಯುತ್ತಿತ್ತು. ಪಹಣಿ ತೆಗೆಸಿ ನೋಡಿದೆ, ನೀರಾವರಿ ಅಂತ ಬರೆದಿತ್ತು. ಅಚ್ಚುಕಟ್ಟಿನ ನಕ್ಷೆಯಲ್ಲೂ ಆ ಸರ್ವೆ ನಂಬರ್ ಇತ್ತು. ಇನ್ನೇನು ಬೇಕು ಅಂದುಕೊಂಡು ಎರಡನೇ ಬೆಳೆಯಿಂದ ಶುರು ಮಾಡಿ ಒಂದು ವರ್ಷದ ಲೀಜನ್ನು ಪೂರ್ತಿ ಮುಂಗಡವಾಗಿ ಕೊಟ್ಟೆ.

ಪಕ್ಕದ ಹೊಲದಲ್ಲಿ ಹತ್ತಿ ಇತ್ತು. ಅದರ ಆಚೆ ಹೊಲದಲ್ಲೂ ಹತ್ತಿ. ಕಣ್ಣಾರೆ ನೋಡಿದೆ. ಇಷ್ಟು ನೀರಿಟ್ಟುಕೊಂಡು ಇವರು ಹತ್ತಿ ಯಾಕೆ ಹಾಕಿದ್ದಾರೆ ಅಂತ ಒಂದು ಮಾತು ಕೇಳಲಿಲ್ಲ. ಹೊಲದ ಮಾಲೀಕರನ್ನು ಕೇಳಿದೆ, ಲೀಜು ಕುದುರಿಸಿದವನನ್ನು ಕೇಳಿದೆ. ಹತ್ತಿ ಹಾಕಿದವರನ್ನು ಕೇಳಲಿಲ್ಲ.

ಜನವರಿಯಲ್ಲಿ ನಾಟಿ ಮಾಡಿಸಿದೆ. ಮಾರ್ಚ್ ಕೊನೆಗೆ ತೆನೆ ಹೊರಬೀಳುವ ಹೊತ್ತಿಗೆ ಉಪಕಾಲುವೆಯಲ್ಲಿ ನೀರು ಮೊಣಕಾಲಿಗಿಂತ ಕೆಳಗಿಳಿಯಿತು, ಆಮೇಲೆ ಪಾದಕ್ಕೆ, ಆಮೇಲೆ ಬರೀ ಕೆಸರು. ಭತ್ತಕ್ಕೆ ನೀರು ತಪ್ಪಲೇಬಾರದ ಹೊತ್ತು ಅದು. ಸರದಿ ಪ್ರಕಾರ ನಮ್ಮ ಪಾಳಿ ಬಂದರೂ ತೂಬಿನಿಂದ ನೀರು ಇಳಿಯುತ್ತಿರಲಿಲ್ಲ. ರಾತ್ರಿ ಟಾರ್ಚ್ ಹಿಡಿದು ಊರವರ ಜೊತೆ ಕಾಲುವೆ ದಂಡೆ ಹಿಡಿದು ಮೇಲಕ್ಕೆ ಹೋಗುತ್ತಿದ್ದೆ. ದಾರಿಯುದ್ದಕ್ಕೂ ದಡದೊಳಗೆ ಹುದುಗಿಸಿದ ಪೈಪುಗಳು, ಡೀಸೆಲ್ ಎಂಜಿನ್ನುಗಳ ಸದ್ದು. ಒಂದನ್ನು ನಿಲ್ಲಿಸಿದರೆ ಇನ್ನೊಂದು ಶುರು. ನಮ್ಮ ಎರೆ (ಕಪ್ಪು ಮಣ್ಣಿನ) ಹೊಲ ಅಂಗೈ ಇಳಿಯುವಷ್ಟು ಅಗಲ ಬಾಯಿ ಬಿಟ್ಟಿತ್ತು. ಅಂಥ ಬಿರುಕು ಬಿದ್ದ ಮೇಲೆ ನೀರು ಬಂದರೂ ಬೇರಿಗೆ ನಿಲ್ಲುವುದಿಲ್ಲ, ನೇರ ಕೆಳಗೆ ಹೋಗುತ್ತದೆ.

ಪಕ್ಕದ ಹತ್ತಿ ಹೊಲದ ಯಜಮಾನರು ಆಗ ಬಂದು ಬದುವಿನ ಮೇಲೆ ಕೂತು ಹೇಳಿದರು: "ತಮ್ಮಾ, ಕಾಲುವಿ ನೋಡಾಕ ಬರಬೇಕಂದ್ರ ಶಿವರಾತ್ರಿ ಆದಮ್ಯಾಗ ಬರಬೇಕಿತ್ತು. ಮಳಿಗಾಲದಾಗ ಎಲ್ಲಾರ ಕಾಲುವ್ಯಾಗೂ ನೀರಿರ್ತದ."

ಕಟಾವಿಗೆ ಬಂದಾಗ ಕಾಳಿಗಿಂತ ಜೊಳ್ಳೇ ಹೆಚ್ಚು. ಗೊಬ್ಬರದಂಗಡಿಯ ಉದ್ದರಿ, ನಾಟಿ ಕೂಲಿ, ಲೀಜಿನ ದುಡ್ಡು ಎಲ್ಲ ತಲೆ ಮೇಲೆ ಬಂತು. ಪರಿಹಾರ ಕೇಳೋಣ ಅಂದರೆ ಪಹಣಿಯಲ್ಲಿ ಹೆಸರು ಮಾಲೀಕರದ್ದು. 1974ರ ಭೂಸುಧಾರಣೆಯಿಂದ ಕೃಷಿಭೂಮಿಯನ್ನು ಗೇಣಿಗೆ ಕೊಡುವುದಕ್ಕೇ ನಿರ್ಬಂಧ ಇದೆ. ಹಾಗಾಗಿ ಈ ಭಾಗದ ಲೀಜೆಲ್ಲ ಬಾಯಿಮಾತಿನದು. ಬೆಳೆ ಹೋದರೆ ನಷ್ಟ ಉಳುವವನಿಗೆ, ಕಾಗದ ಮಾಲೀಕನಿಗೆ. ಇದನ್ನು ನೀವು ಮೊದಲೇ ತಿಳಿದಿರಬೇಕು.

ಆ ಸಾಲ ತೀರಿಸಲು ಸಿಂಧನೂರಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿಕೊಂಡೆ, ಈಗಲೂ ಅಲ್ಲೇ ಇದ್ದೇನೆ. ದಿನಾ ನೂರಾರು ಚೀಲ ಭತ್ತ ಕಣ್ಣ ಮುಂದೆ ತೂಗುತ್ತದೆ. ಯಾವ ಹಳ್ಳಿಯದು, ಯಾವ ಉಪಕಾಲುವೆಯದು ಅಂತ ಕೇಳಿದರೆ ಆ ರೈತನ ಕಥೆ ಅರ್ಧ ಗೊತ್ತಾಗಿಬಿಡುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಪ್ರಶ್ನೆಯಲ್ಲಿರುವ 'ಜಿಲ್ಲೆ'ಯನ್ನು ತೆಗೆದುಹಾಕಿ.

ಜಿಲ್ಲೆ ಅನ್ನುವುದು ನಮ್ಮ ಕಡೆ ಎಷ್ಟು ಸಲ ಬದಲಾಗಿದೆ ನೋಡಿ. ರಾಯಚೂರು ಸೀಮೆ 1948ರ ತನಕ ನಿಜಾಮರ ಕೈಯಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಬಳ್ಳಾರಿ ಮದ್ರಾಸಿನಲ್ಲಿತ್ತು, 1953ರಲ್ಲಿ ಬಂತು. ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆಯಾಯಿತು. 2021ರಲ್ಲಿ ಹೊಸಪೇಟೆ ಬಳ್ಳಾರಿಯಿಂದ ಹೊರಟು ವಿಜಯನಗರ ಜಿಲ್ಲೆಯಾಯಿತು. ಇಷ್ಟೆಲ್ಲ ಗೆರೆ ಎಳೆದು ಅಳಿಸಿದರೂ ಕಾಲುವೆ ಇದ್ದಲ್ಲೇ ಇದೆ. ಊಟ, ಬೆಳೆ, ಕೂಲಿ, ಕೊನೆಗೆ ಹೆಣ್ಣು ಕೊಡುವ ಊರು ಕೂಡ ಆ ಕಾಲುವೆಯನ್ನು ನೋಡಿಯೇ ನಿರ್ಧಾರವಾಗುತ್ತದೆ.

ತುಂಗಭದ್ರಾ ಡ್ಯಾಮಿನ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆ ಸುಮಾರು 227 ಕಿಲೋಮೀಟರ್ ಹೋಗುತ್ತದೆ. ನಮ್ಮ ಜನ ಇನ್ನೂ ಮೈಲಿನಲ್ಲೇ ಲೆಕ್ಕ ಹಾಕುತ್ತಾರೆ, 69ನೇ ಮೈಲು, 104ನೇ ಮೈಲು ಅಂತ. ಹೊಳೆ ಕಡೆಯ ದಂಡೆಗೆ ಭತ್ತ, ಆಚೆ ಏರು ದಂಡೆಗೆ ಸಜ್ಜೆ, ಜೋಳ, ತೊಗರಿ. ಸೇತುವೆ ಮೇಲೆ ನಿಂತರೆ ಎರಡು ನಾಡು ಒಟ್ಟಿಗೇ ಕಾಣುತ್ತವೆ.

1953ರಲ್ಲಿ ನೀರು ಬಿಟ್ಟಾಗ ಯೋಜನೆಯ ಲೆಕ್ಕ ಭತ್ತದ್ದಾಗಿರಲಿಲ್ಲ. ಇದ್ದ ನೀರನ್ನು ತೆಳ್ಳಗೆ ಹರಡಿ ಹೆಚ್ಚು ಹೊಲಕ್ಕೆ ಕೊಡಬೇಕು, ಹೆಚ್ಚಿನವರು ಜೋಳ, ಹತ್ತಿ, ಶೇಂಗಾ ಬೆಳೆಯಬೇಕು, ಭತ್ತ ಸ್ವಲ್ಪವೇ ಇರಬೇಕು ಅಂತಿತ್ತು. ಅಷ್ಟರಲ್ಲಿ ಕರಾವಳಿ ಆಂಧ್ರದ ರೈತರು ಬಂದರು. ಕಡಿಮೆ ಬೆಲೆಗೆ ಹೊಲ ಕೊಂಡು, ಮಟ್ಟ ಮಾಡಿ, ಬದು ಕಟ್ಟಿ ಗದ್ದೆ ಮಾಡಿದರು. ಅವರ ಊರುಗಳೇ ಇಂದಿನ ಕ್ಯಾಂಪುಗಳು. ಅವರ ದುಡಿಮೆ ನೋಡಿ ನಮ್ಮವರೂ ಕಲಿತರು. ಗಂಗಾವತಿ, ಕಾರಟಗಿಯ ರೈಸ್ ಮಿಲ್ಲುಗಳು, ಸೋನಾ ಮಸೂರಿಯ ಹೆಸರು, ಎಲ್ಲ ಆ ಶ್ರಮದಿಂದ ಬಂದದ್ದು. ಆದರೆ ಮೇಲೆ ಎಲ್ಲರೂ ಭತ್ತ ಹಾಕಿದ ಮೇಲೆ ಕೆಳಗೆ ನೀರು ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಹೂಳು ತುಂಬಿ ಡ್ಯಾಂ ಹಿಡಿಯುವ ನೀರು 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದಾಗ ನಮ್ಮ ಅಂಗಡಿಗೆ ಬಂದ ಯಾರೂ ಭತ್ತದ ದರ ಕೇಳಲಿಲ್ಲ. ಡ್ಯಾಮಿನಲ್ಲಿ ನೀರೆಷ್ಟು ಉಳಿಯಿತು ಅನ್ನೋದೊಂದೇ ಪ್ರಶ್ನೆ.

ನಿಮಗೆ ಮಲೆನಾಡಿನ ಗದ್ದೆ ಗೊತ್ತು, ಅದೇ ನಿಮ್ಮನ್ನು ಇಲ್ಲಿ ದಾರಿ ತಪ್ಪಿಸಬಹುದು. ನಮ್ಮಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ನಿಮ್ಮಲ್ಲಿ ಒಂದು ಜುಲೈ ತಿಂಗಳಲ್ಲೇ ಅಷ್ಟು ಸುರಿಯುತ್ತದೆ. ಆ ಮಳೆಯೇ ತುಂಗೆಯಲ್ಲಿ ಹರಿದು ಬಂದು ನಮ್ಮ ಗದ್ದೆಗೆ ಸೇರುವುದು. ಅಲ್ಲಿ ಭತ್ತಕ್ಕೆ ಆಕಾಶ ನೋಡುತ್ತೀರಿ, ಇಲ್ಲಿ ಮೇಲಿನ ಹೊಲದವನ ತೂಬು ನೋಡಬೇಕು.

ಒಂದೊಂದು ಜಿಲ್ಲೆಯ ಒಳಗೇ ಎಷ್ಟು ಬೇರೆ ಬೇರೆ ಬದುಕಿದೆ. ಕೊಪ್ಪಳದಲ್ಲಿ ಗಂಗಾವತಿಯ ಕ್ಯಾಂಪಿಗೆ ಹೋದರೆ ಸಂಕ್ರಾಂತಿ ದೊಡ್ಡ ಹಬ್ಬ, ಮನೆಮಾತು ತೆಲುಗು. ಅದೇ ಜಿಲ್ಲೆಯ ಯಲಬುರ್ಗಾ, ಕುಕನೂರಿನ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ. ಎಳ್ಳಮಾವಾಸ್ಯೆಗೆ ಬಂಡಿ ಕಟ್ಟಿಕೊಂಡು ಹೋಗಿ ಚರಗ (ಭೂಮಿತಾಯಿಗೆ ಎಡೆ) ಚೆಲ್ಲಿ, ಹೊಲದಲ್ಲೇ ಸಜ್ಜಿ ರೊಟ್ಟಿ, ಪುಂಡಿಪಲ್ಯ ಉಂಡು ಬರುತ್ತಾರೆ. ರಾಯಚೂರು ಜಿಲ್ಲೆಯ ಲಿಂಗಸುಗೂರಿಗೆ ಹೋದರೆ ಹಟ್ಟಿಯ ಚಿನ್ನದ ಗಣಿ, ದೇವದುರ್ಗಕ್ಕೆ ಹೋದರೆ ನಾರಾಯಣಪುರ ಬಲದಂಡೆಯಿಂದ ಕೃಷ್ಣೆಯ ನೀರು. ಸಿಂಧನೂರಿನ ಸುತ್ತ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳಿವೆ, ಅಲ್ಲಿ ಮೀನು ಮಾರಾಟ ಜೋರು. ಬಳ್ಳಾರಿಯಲ್ಲಿ ಸಂಡೂರು ಅಂದರೆ ಗುಡ್ಡ, ಕಾಡು, ಕಬ್ಬಿಣದ ಅದಿರು. ಬಳ್ಳಾರಿ ಊರೊಳಗೆ ಜೀನ್ಸ್ ಹೊಲಿಗೆ. ಸಿರುಗುಪ್ಪ ಅಂದರೆ ಬಲದಂಡೆಯ ಭತ್ತ, ಮೆಣಸಿನಕಾಯಿ. ಇಂಥದ್ದರಲ್ಲಿ 'ಬಳ್ಳಾರಿ ಜಿಲ್ಲೆ ಒಳ್ಳೆಯದಾ' ಅಂದರೆ ಯಾರು ಏನು ಹೇಳಬೇಕು?

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ವರ್ಷವೇ ಭತ್ತಕ್ಕೆ ಕೈ ಹಾಕಬೇಡಿ. ಹಾಕಲೇಬೇಕೆಂದಿದ್ದರೆ ಕಾಲುವೆಯ ಮೇಲ್ಭಾಗದಲ್ಲಿ, ಅದರಲ್ಲೂ ಉಪಕಾಲುವೆಯ ತಲೆಯ ಹತ್ತಿರ ಹೊಲ ಹುಡುಕಿ. ಗಂಗಾವತಿಯಲ್ಲಿದ್ದೂ ಉಪಕಾಲುವೆಯ ತುದಿಯಲ್ಲಿ ಹೊಲ ಸಿಕ್ಕರೆ ನನ್ನ ಗತಿಯೇ. ಮೇಲ್ಭಾಗದಲ್ಲಿ ಬೇರೊಂದು ಕಾಟ ಇದೆ: ವರ್ಷಗಟ್ಟಲೆ ನೀರು ನಿಂತು ಸವಳಾದ (ಉಪ್ಪು ಹತ್ತಿದ) ಹೊಲಗಳು. ಬೇಸಿಗೆಯಲ್ಲಿ ಮಣ್ಣಿನ ಮೇಲೆ ಬಿಳಿ ಪುಡಿ ಕಂಡರೆ ಮುಂದೆ ಮಾತಾಡಲೇಬೇಡಿ. ಅನುಮಾನ ಇದ್ದರೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳಿನ ಮೇಲೆ ಕೆಲಸ ಮಾಡುವವರಿದ್ದಾರೆ, ಮಣ್ಣು ತೋರಿಸಿ ಕೇಳಿ.

ಕೊನೆಭಾಗದ ಹೊಲ ಕೆಟ್ಟ ಹೊಲ ಅಂತ ಮಾತ್ರ ತಿಳಿಯಬೇಡಿ. ನಾನು ಸೋತ ಹತ್ತು ಎಕರೆಯಲ್ಲಿ ಈಗ ಹತ್ತಿ ಬೆಳೆಯುತ್ತಾರೆ, ಹುಲುಸಾಗಿ ಬರುತ್ತದೆ. ಕಡಲೆ, ಜೋಳ, ಮೆಣಸಿನಕಾಯಿಗೆ ಆ ಎರೆ ಮಣ್ಣು ಹೇಳಿ ಮಾಡಿಸಿದ್ದು. ಮುಂಗಾರಿಗೆ ಭತ್ತವೇ ಬೇಕೆನ್ನುವವರು ನಾಟಿ ಬಿಟ್ಟು ಕೂರಿಗೆಯಲ್ಲಿ ಬಿತ್ತುತ್ತಾರೆ, ಅದಕ್ಕೆ ಕಡಿಮೆ ನೀರು ಸಾಕು.

ದುಡ್ಡಿನ ವಿಷಯಕ್ಕೆ ಬಂದರೆ, ಎಕರೆಗೆ ಇಷ್ಟು ರೂಪಾಯಿ ಅಂತ ನಾನು ಹೇಳುವುದಿಲ್ಲ. ಅದು ಮೈಲಿನಿಂದ ಮೈಲಿಗೆ ಬೇರೆ. ಸಾಧ್ಯವಾದರೆ ರೂಪಾಯಿ ಬಿಟ್ಟು ಚೀಲದ ಲೆಕ್ಕದಲ್ಲಿ ಮಾತಾಡಿ. ನಮ್ಮಲ್ಲಿ ಭತ್ತದ ಚೀಲ ಅಂದರೆ 75 ಕೆಜಿ, ಮಾತಾಡುವಾಗಲೇ ಅದನ್ನು ಖಚಿತ ಮಾಡಿಕೊಳ್ಳಿ. ಎರಡು ಬೆಳೆಯ ದುಡ್ಡು ಒಟ್ಟಿಗೆ ಕೊಡಬೇಡಿ. ಎರಡನೇ ಬೆಳೆಗೆ ನೀರು ಬಿಡಬೇಕೋ ಬೇಡವೋ ಅಂತ ನೀರಾವರಿ ಸಲಹಾ ಸಮಿತಿ ಸಭೆ ಸೇರಿ ತೀರ್ಮಾನಿಸುತ್ತದೆ. ಆ ತೀರ್ಮಾನ ಬಂದ ಮೇಲೆ ಎರಡನೇ ಕಂತು ಅಂತ ಮಾತು ಮಾಡಿಕೊಳ್ಳಿ, ಇಬ್ಬರು ಹಿರಿಯರ ಎದುರಿಗೆ. ಮಾಲೀಕರು ಒಪ್ಪದಿದ್ದರೆ ಆ ಹೊಲ ಬಿಟ್ಟು ಮುಂದಿನ ಊರಿಗೆ ಹೋಗಿ.