ಹೆಣ ಸುಟ್ಟವಳು ಅವಳೇ ಅಲ್ವಾ?

ಹಾಸನದ ಓದುಗರೊಬ್ಬರ ಪತ್ರ: ‘ಇತ್ತೀಚೆಗೆ “ಸಂಸ್ಕಾರ” ಸಿನಿಮಾ ನೋಡಿದೆ. ಮೊದಲಿಂದ ಕೊನೆಯವರೆಗೂ ಪ್ರಾಣೇಶಾಚಾರ್ಯರ ಧರ್ಮ, ಅವರ ಆಸೆ, ಅವರ ಸಂಕಟ. ಚಂದ್ರಿ, ಬೆಳ್ಳಿ ಬರೀ ಮೈಯಾಗಿ ಬಂದು ಹೋಗುತ್ತಾರೆ. ಇಂಥದ್ದನ್ನು ಇನ್ನೂ ಎಷ್ಟು ದಿನ ಹೊಗಳುತ್ತೀರಿ?’

ಸಂಪಾದಕರ ಉತ್ತರ:

ದಲಿತ ಕೇರಿಯ ಹುಡುಗಿ ಬೆಳ್ಳಿಯ ವಿಷಯದಲ್ಲಿ ನಿಮ್ಮ ಮಾತು ಸರಿ. ಅವಳು ನಮಗೆ ಕಾಣುವುದು ಶ್ರೀಪತಿಯಂಥ ಗಂಡಸರ ಕಣ್ಣಿಗೆ ಕಂಡಷ್ಟೇ. ಆದರೆ ಚಂದ್ರಿಯನ್ನೂ ಅದೇ ಸಾಲಿಗೆ ಸೇರಿಸಿಬಿಟ್ಟಿರಲ್ಲ, ಅದಕ್ಕೆ ನನ್ನ ತಕರಾರಿದೆ.

ನೀವು ಸಿನಿಮಾದಲ್ಲೇ ನಿಂತಿದ್ದೀರಿ. ಅನಂತಮೂರ್ತಿಯವರ 1965ರ ಕಾದಂಬರಿಯನ್ನೂ ಒಮ್ಮೆ ಓದಿ. ಚಂದ್ರಿಯ ಜೊತೆ ಬಾಳುತ್ತಿದ್ದ ಬ್ರಾಹ್ಮಣ ನಾರಣಪ್ಪನ ಹೆಣ ಮನೆಯಲ್ಲಿ ಬಿದ್ದಿದೆ. ಆಚಾರ ಬಿಟ್ಟವನಿಗೆ ಸಂಸ್ಕಾರ ಮಾಡುವವರು ಯಾರು ಅಂತ ಅಗ್ರಹಾರವೆಲ್ಲ ಕೈಕಟ್ಟಿ ಕೂತಿದೆ. ಅಗ್ರಹಾರದ ಪಂಡಿತರಾದ ಪ್ರಾಣೇಶಾಚಾರ್ಯರು ಗ್ರಂಥ ಹುಡುಕುತ್ತಾರೆ. ಮಾರುತಿಯ ಮುಂದೆ ಪ್ರಸಾದದ ಹೂವಿಗೆ ಕಾಯುತ್ತಾರೆ. ಹೂ ಬೀಳುವುದೇ ಇಲ್ಲ. ಚಂದ್ರಿ ಖರ್ಚಿಗೆ ಆಗಲಿ ಅಂತ ಮೈಮೇಲಿನ ಚಿನ್ನ ಬಿಚ್ಚಿಟ್ಟರೆ, ಆ ಚಿನ್ನದ ಮೇಲೇ ಎಲ್ಲರ ಕಣ್ಣು. ಕೊನೆಗೆ ಅವಳೇ ರಾತ್ರಿ ಹೋಗಿ ಮೀನಿನ ವ್ಯಾಪಾರಿ ಅಹ್ಮದ್ ಬ್ಯಾರಿಯನ್ನು ಕರೆತರುತ್ತಾಳೆ. ಇಬ್ಬರೂ ಸೇರಿ ಹೆಣವನ್ನು ಗಾಡಿಯಲ್ಲಿ ಸಾಗಿಸಿ ಸುಟ್ಟು ಬರುತ್ತಾರೆ. ಅಗ್ರಹಾರಕ್ಕೆ ಗೊತ್ತೇ ಇಲ್ಲ.

ನಮ್ಮ ಸೋದರತ್ತೆಗೆ ಓದು ಬರುತ್ತಿರಲಿಲ್ಲ. ನಾನು ಜಗುಲಿಯಲ್ಲಿ ಕೂತು ಈ ಭಾಗ ಗಟ್ಟಿಯಾಗಿ ಓದುತ್ತಿದ್ದೆ. ಆಚಾರ್ಯರದ್ದು ತಪ್ಪೋ ಸರಿಯೋ ಅಂತ ಚಿಕ್ಕಪ್ಪಂದಿರ ಜಗಳ ಜೋರಾಗಿತ್ತು. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು, ‘ಅಷ್ಟು ಜನ ಗಂಡಸ್ರು ಪುಸ್ತಕ ನೋಡ್ತಾ ಕೂತ್ರು. ಹೆಣ ಸುಟ್ಟೋಳು ಅವಳೇ ಅಲ್ವೇನೋ?’ ಅಂದರು. ಆಮೇಲೆ ಯಾರೂ ಮಾತಾಡಲಿಲ್ಲ. ಯಾರು ಎಷ್ಟು ಹೊತ್ತು ತೆರೆಯ ಮೇಲಿದ್ದರು ಅಂತ ಗಡಿಯಾರ ಹಿಡಿದರೆ ಚಂದ್ರಿ ಸಿಗುವುದಿಲ್ಲ ಸ್ವಾಮಿ. ಯಾರ ಕೈಯಿಂದ ಕೆಲಸ ಆಯಿತು ಅಂತ ನೋಡಬೇಕು.

ಆ ಸಿನಿಮಾ ಮಾಡಿದವರನ್ನೂ ನೆನೆಯಿರಿ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗಿನವರು. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಚಂದ್ರಿಯಾದ ಸ್ನೇಹಲತಾ ರೆಡ್ಡಿ ಕ್ರೈಸ್ತ ಮನೆತನದ ಹೆಣ್ಣುಮಗಳು. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲು ಕಂಡು, ಬಿಡುಗಡೆಯಾದ ಬೆನ್ನಿಗೇ 1977ರ ಜನವರಿಯಲ್ಲಿ ತೀರಿಕೊಂಡರು. ಆ ಮುಖವನ್ನು ‘ಬರೀ ಮೈ’ ಅನ್ನಲು ನನಗೆ ಬಾಯಿ ಬರುವುದಿಲ್ಲ. ಸಿನಿಮಾವನ್ನು ಸೆನ್ಸಾರ್ ಮೊದಲು ತಡೆದಿತ್ತು. ಆಮೇಲೆ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು.

ನಾರಣಪ್ಪನ ಪಾತ್ರ ಮಾಡಿದ್ದು ಪಿ. ಲಂಕೇಶ್. ಇದನ್ನು ಮುಖ್ಯವಾಗಿ ಹೇಳಬೇಕು. ಸಿನಿಮಾ ಬಂದ ಹತ್ತು ವರ್ಷದ ನಂತರ ಅವರು ‘ಲಂಕೇಶ್ ಪತ್ರಿಕೆ’ ಶುರು ಮಾಡಿದರು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಮೊದಲು ಧಾರಾವಾಹಿಯಾಗಿ ಬಂದಿದ್ದು ಅದರಲ್ಲೇ. ತಲಾಕ್ ಆದ ಗಂಡನನ್ನೇ ಮತ್ತೆ ಸೇರಬೇಕೆಂದರೆ ನಾದಿರಾ ನಡುವೆ ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕು. ಅದೂ ಧರ್ಮದ ಕಥೆ, ಆಸೆಯ ಕಥೆ. ಆದರೆ ಇಲ್ಲಿ ಆಚಾರ್ಯರಿಲ್ಲ, ಒಳಮನೆಯ ಹೆಣ್ಣೇ ಇದ್ದಾಳೆ. ಹಳೇ ಸಿನಿಮಾವನ್ನು ಬೈದು ಸಾರಾ ಹುಟ್ಟಲಿಲ್ಲ. ಅವರಿಗೆ ಯಾರೋ ಪುಟ ಬಿಟ್ಟುಕೊಟ್ಟರು.

ಈಗ ಆ ಪುಟಗಳೇ ಇಲ್ಲ. ಒಂದೊಂದೇ ವಾರಪತ್ರಿಕೆ ಮುಚ್ಚುತ್ತಿದೆ. ಎರಡು ನಿಮಿಷದ ತುಣುಕು ನೋಡಿ ಮನಸ್ಸಿಗೆ ನೋವಾಯಿತು ಅನ್ನುವವರು ಜಾಸ್ತಿಯಾಗಿದ್ದಾರೆ. ಮಠ, ದೇವಸ್ಥಾನದ ಕಥೆಯಲ್ಲಿ ಆಸೆಯ ಹೆಸರೆತ್ತಿದರೆ ಎಷ್ಟೋ ನಿರ್ಮಾಪಕರು ಹೆದರಿ ಹಿಂದೆ ಸರಿಯುತ್ತಾರೆ. ಹಾಗಾಗಿ ಟಿವಿ ಧಾರಾವಾಹಿಗಳಲ್ಲಿ ಸ್ವಾಮಿಗಳೆಲ್ಲ ಹಾಲಿನಷ್ಟು ಬಿಳಿ, ಹೆಂಗಸರೆಲ್ಲ ಆರತಿ ತಟ್ಟೆ ಹಿಡಿದವರು. ನನಗೆ ಸಿಟ್ಟು ಬರುವುದು ಇದಕ್ಕೆ.

ನಿಮ್ಮ ಪತ್ರದ ಕೊನೆಯಲ್ಲಿ ನೀವೂ ಬರೆಯುತ್ತೇನೆ ಅಂದಿದ್ದೀರಿ. ಬೆಳ್ಳಿಯ ಕಡೆಯಿಂದ ಬರೆಯಿರಿ. ಅತ್ತ ಒಂದು ಹೆಣಕ್ಕೆ ಅಷ್ಟೆಲ್ಲ ಚರ್ಚೆ. ಇತ್ತ ಅವಳ ಕೇರಿಯಲ್ಲಿ ಸತ್ತವರನ್ನು ಗುಡಿಸಲಿನ ಸಮೇತ ಸುಡುತ್ತಾರೆ, ಯಾರೂ ಗ್ರಂಥ ತೆರೆಯುವುದಿಲ್ಲ. ಅಲ್ಲಿಂದ ಶುರು ಮಾಡಿ. ನಲವತ್ತು ಪುಟವಾದರೂ ಕಳಿಸಿ, ಕಂತಿನಲ್ಲಿ ಹಾಕುತ್ತೇನೆ.