ನಕ್ಷೆಯನ್ನು ಗೋಡೆಯಿಂದ ಇಳಿಸಿ

ಪ್ರಶ್ನೆ: ಎರಡನೇ ತರಗತಿಗೆ ನಕ್ಷೆ ಕಲಿಸುತ್ತಿದ್ದೇನೆ. ಮಕ್ಕಳು ಚೆನ್ನಾಗಿ ಬಣ್ಣ ತುಂಬುತ್ತಾರೆ. ಉತ್ತರ ದಿಕ್ಕು ಯಾವುದು ಅಂದರೆ ಮಾತ್ರ ಸೂರಿನತ್ತ ಕೈ ತೋರಿಸುತ್ತಾರೆ. ಇನ್ನೇನು ಚಟುವಟಿಕೆ ಮಾಡಿಸಲಿ?

ಉತ್ತರ: ಈ ಪ್ರಶ್ನೆ ವರ್ಷವರ್ಷವೂ ಬರುತ್ತದೆ. ತಪ್ಪು ಮಕ್ಕಳದ್ದಲ್ಲ. ನಕ್ಷೆಯನ್ನು ಗೋಡೆಗೆ ತೂಗುಹಾಕಿ ‘ಮೇಲಿರುವುದು ಉತ್ತರ’ ಎಂದವರು ನಾವು. ಮಗು ಅದನ್ನು ಹಾಗೇ ನಂಬಿತು. ಮೊದಲು ಅದನ್ನು ಇಳಿಸಿ ನೆಲಕ್ಕೆ ಹಾಸಿ.

ಬಣ್ಣ ತುಂಬಿದರೆ ಕೈ ಪಳಗುತ್ತದೆ, ನಕ್ಷೆ ಬರುವುದಿಲ್ಲ. ಎದುರಿಗಿರುವ ವಸ್ತು ಮೇಲಿನಿಂದ ಹೇಗೆ ಕಾಣುತ್ತದೆ ಎಂದು ಊಹಿಸುವುದೇ ಮಕ್ಕಳಿಗೆ ಕಷ್ಟ. ಏಳು ವರ್ಷದ ಹುಡುಗಿಯೊಬ್ಬಳಿಗೆ ಮೇಜಿನ ನಕ್ಷೆ ಬರೆಯಲು ಹೇಳಿದ್ದೆ. ಚೌಕ ಬರೆದು, ನಾಲ್ಕು ಕಾಲುಗಳನ್ನೂ ನಾಲ್ಕು ಕಡೆಗೆ ಚಾಚಿಸಿದಳು. ಮೇಜಿಗೆ ಕಾಲುಗಳಿವೆ ಎಂದು ಅವಳಿಗೆ ಗೊತ್ತು, ಬಿಡುವುದು ಹೇಗೆ? ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿಗಳಾದ ಪಿಯಾಜೆ ಮತ್ತು ಇನ್‌ಹೆಲ್ಡರ್ ಮೂರು ಬೆಟ್ಟಗಳ ಮಾದರಿ ಇಟ್ಟು, ಇನ್ನೊಂದು ಬದಿಯ ಗೊಂಬೆಗೆ ಏನು ಕಾಣುತ್ತದೆ ಎಂದು ಕೇಳಿದಾಗ ಚಿಕ್ಕ ಮಕ್ಕಳು ತಮಗೆ ಕಂಡದ್ದನ್ನೇ ತೋರಿಸಿದ್ದರು. ಸನ್ನಿವೇಶ ಸರಳವಾಗಿದ್ದರೆ ಇನ್ನೂ ಚಿಕ್ಕವರೂ ಸರಿಯಾಗಿ ಹೇಳುತ್ತಾರೆ ಎಂದು ಆಮೇಲಿನ ಸಂಶೋಧಕರು ತೋರಿಸಿದರು. ಅದಕ್ಕೇ ದೇಶದಿಂದಲ್ಲ, ಒಂದು ಹಾಳೆಯಿಂದ ಶುರುಮಾಡಿ.

ದೊಡ್ಡ ಹಾಳೆಯ ಮೇಲೆ ಡಬ್ಬಿ, ಪುಸ್ತಕ, ಲೋಟ, ಬಾಟಲಿ ಇಡಿ. ಮಕ್ಕಳು ನಿಂತು ಬಗ್ಗಿ ನೋಡಲಿ, ಒಂದೊಂದರ ಸುತ್ತ ಪೆನ್ಸಿಲ್ ಎಳೆಯಲಿ. ವಸ್ತುಗಳನ್ನೆಲ್ಲ ಎತ್ತಿ, ಹೊರಗಿದ್ದ ಮಗುವನ್ನು ಕರೆದು ‘ಇದ್ದಲ್ಲೇ ಇಡು’ ಎನ್ನಿ. ಲೋಟವೂ ಬಾಟಲಿಯೂ ಬಿಟ್ಟುಹೋದದ್ದು ವೃತ್ತವೇ. ಯಾವುದು ಎಲ್ಲಿ? ಜಗಳ ಶುರುವಾಗುತ್ತದೆ. ದಯವಿಟ್ಟು ನಡುವೆ ಬಾಯಿ ಹಾಕಬೇಡಿ. ಗುರುತು ಹಾಕಬೇಕಿತ್ತು ಎಂದು ಅವರಲ್ಲೇ ಯಾರೋ ಹೇಳುತ್ತಾರೆ. ಸಂಕೇತ ಎಂಬ ಪದವನ್ನು ಆಗ ಕೊಡಿ. ಮುಂದೆ ಕೋಣೆಯನ್ನು ಹೆಜ್ಜೆಯಲ್ಲಿ ಅಳೆಸಿ. ಇಬ್ಬರ ಲೆಕ್ಕ ಬೇರೆಬೇರೆ ಬಂದಾಗ ಅಳತೆಯ ಮಾತೆತ್ತಿ.

ದಿಕ್ಕಿಗೆ ಬಿಸಿಲು ಸಾಕು. ಬಯಲಲ್ಲಿ ಕೋಲು ನೆಟ್ಟು ನೆರಳಿನ ತುದಿಗೆ ಒಂದು ಕಲ್ಲಿಡಿ, ಅರ್ಧ ಗಂಟೆ ಬಿಟ್ಟು ಇನ್ನೊಂದು. ಮೊದಲ ಕಲ್ಲಿನಿಂದ ಎರಡನೆಯದಕ್ಕೆ ಎಳೆದ ಗೆರೆ ಹೆಚ್ಚುಕಡಿಮೆ ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತದೆ. ಮಧ್ಯಾಹ್ನದ ಆಸುಪಾಸಿನಲ್ಲಿ ಮಾಡಿದರೆ ಇನ್ನಷ್ಟು ಸರಿ. ಮಕ್ಕಳು ಸೂರ್ಯನನ್ನು ನೇರವಾಗಿ ನೋಡದಂತೆ ನೋಡಿಕೊಳ್ಳಿ. ಇದರಲ್ಲಿ ನಾನು ಬಲು ಕಟ್ಟುನಿಟ್ಟು. ಆಮೇಲೆ ಹಾಳೆಯನ್ನು ಆ ಗೆರೆಗೆ ಹೊಂದಿಸಿ ತಿರುಗಿಸಲಿ. ಫೋನಿನ ದಿಕ್ಸೂಚಿ ಈಗ ಬೇಡ.

ಪ್ರಶ್ನೆ: ದುಡ್ಡು ಪಡೆದು ಬೆರಳಚ್ಚು ಪರೀಕ್ಷೆ ಮಾಡಿದವರೊಬ್ಬರು, ನನ್ನ ಮಗ ‘ಮಾಡಿ ಕಲಿಯುವವನು’, ಅವನಿಗೆ ಓದಿಸಬಾರದು ಎಂದಿದ್ದಾರೆ. ನಿಜವೇ?

ಉತ್ತರ: ಶುದ್ಧ ಮೋಸ. ಬೆರಳಿನ ಗೆರೆಗೂ ಕಲಿಕೆಗೂ ಸಂಬಂಧವಿಲ್ಲ. ಕಣ್ಣಿನವರು, ಕಿವಿಯವರು, ಕೈಯವರು ಎಂದು ಮಕ್ಕಳನ್ನು ವಿಂಗಡಿಸಿ ಕಲಿಸಿದರೆ ಲಾಭವಿದೆ ಎನ್ನಲು ತಕ್ಕ ಪುರಾವೆಯಿಲ್ಲ ಎಂದು ಮನೋವಿಜ್ಞಾನಿ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ಪರಿಶೀಲಿಸಿ ಹೇಳಿದ್ದಾರೆ. ಕೈಯಿಂದ ಮಾಡುವುದು ಎಲ್ಲ ಮಕ್ಕಳಿಗೂ ಬೇಕು, ಓದುವುದೂ ಬೇಕು. ಕೊಟ್ಟ ದುಡ್ಡು ವಾಪಸ್ ಕೇಳಿ.

ಪ್ರಶ್ನೆ: ಕೋಟೆಯ ಮಾದರಿ ಮಾಡಿಸಲು ಎಷ್ಟು ದಿನ ಕೊಡಬೇಕು?

ಉತ್ತರ: ಅಪ್ಪ-ಅಮ್ಮ ರಾತ್ರಿ ಕೂತು ಮಾಡುವುದಾದರೆ ಒಂದು ದಿನವೂ ಬೇಡ.

ಪ್ರಶ್ನೆ: ಆರು ವರ್ಷದವರಿಗೆ ಇಸವಿಗಳನ್ನು ಬಾಯಿಪಾಠ ಮಾಡಿಸಬಹುದೇ?

ಉತ್ತರ: ಬೇಡ. ಒಂದು ದಾರಕ್ಕೆ ವರ್ಷಕ್ಕೊಂದು ಗಂಟು ಹಾಕಿ, ತಾನು ನಡೆದದ್ದು, ಹಲ್ಲು ಬಿದ್ದದ್ದು ಯಾವಾಗ ಎಂದು ಹುಡುಕಲಿ. ಅದೇ ದಾರಕ್ಕೆ ಅಜ್ಜಿಯ ವಯಸ್ಸಿನಷ್ಟು ಗಂಟು ಹಾಕಲು ಹೊರಟಾಗ ದಾರ ಸಾಲುವುದಿಲ್ಲ, ಇನ್ನೊಂದು ಉಂಡೆ ಕೇಳುತ್ತಾರೆ. ಕೊಡಿ.